ದಿಡ್ಡಿಬಾಗಿಲಿನ ಬೀಗ

ದೊಡ್ಡದೊಂದು ಅಗ್ನಿದುರಂತ ನಡೆದು, ಹೆಣಗಳ ಎಣಿಕೆ ಮುಗಿದು, ವಿಚಾರಣೆಯ ವರದಿಯೂ ಹೊರಬಿದ್ದ ಮೇಲೆ ಯಾರಾದರೂ ಒಬ್ಬರು ಎದ್ದು ನಿಂತು ಒಂದು ಮಾತನ್ನು ಹೇಳುವುದು ವಾಡಿಕೆ: “ಸತ್ತವರ ಸಾವು ವ್ಯರ್ಥವಾಗಲಿಲ್ಲ; ಅದರಿಂದ ನಮಗೊಂದು ಒಳ್ಳೆಯ ಕಾನೂನು ದೊರೆಯಿತು.” ಕೇಳುವವರ ಮನಸ್ಸಿಗೆ ಇದರಿಂದ ಎಷ್ಟೋ ಹಗುರವೆನಿಸುತ್ತದೆ. ಹೇಳುವವರಿಗಂತೂ ಇನ್ನೂ ಹೆಚ್ಚು. ಇದಕ್ಕಿಂತ ಸುಳ್ಳಾದ, ಇದಕ್ಕಿಂತ ಅಪಾಯಕರವಾದ ಸಮಾಧಾನ ಮತ್ತೊಂದಿಲ್ಲವೆಂಬುದೇ ಈ ಲೇಖನದ ವಾದ.

ಈ ಮಾತಿಗೆ ಆಧಾರವಾಗಿ ಮತ್ತೆ ಮತ್ತೆ ಎತ್ತಿಕೊಳ್ಳುವುದು ಅಮೆರಿಕದ ಶಿಕಾಗೋ ನಗರದ ಇರೊಕ್ವಾಯ್ ನಾಟಕಮಂದಿರದ ಕಥೆಯನ್ನು. 1903ರ ಡಿಸೆಂಬರ್ 30ರ ಮಧ್ಯಾಹ್ನದ ಆಟದಲ್ಲಿ ಅಲ್ಲಿ ಹೊತ್ತಿದ ಬೆಂಕಿಗೆ ಕಡಮೆಯೆಂದರೂ 602 ಜನ ಬಲಿಯಾದರು. 1871ರಲ್ಲಿ ಶಿಕಾಗೋ ನಗರಕ್ಕೆ ನಗರವೇ ಉರಿದುಹೋದಾಗ ಸತ್ತವರು ಸುಮಾರು 300 ಮಂದಿ. ಒಂದೇ ಒಂದು ಕಟ್ಟಡ, ಅರ್ಧ ಗಂಟೆಯೂ ಆಗುವುದರೊಳಗೆ, ಅದರ ಇಮ್ಮಡಿ ಜನವನ್ನು ನುಂಗಿತು. ಆಮೇಲೆ ಏನಾಯಿತೆಂದು ನಮ್ಮ ಸಮಾಧಾನಪ್ರಿಯರು ಕೇಳಿಸುತ್ತಾರೆ: ನಾಟಕಶಾಲೆಗಳ ಬಾಗಿಲು ಹೊರಕ್ಕೇ ತೆರೆಯಬೇಕೆಂಬ ಕಟ್ಟಳೆ ಬಂತು, ‘ಹೊರದಾರಿ’ ಎಂಬ ದೀಪದ ಫಲಕ ಬಂತು, ಕುರ್ಚಿಗಳ ನಡುವಣ ಹಾದಿಗಳಲ್ಲಿ ಜನರನ್ನು ನಿಲ್ಲಿಸಕೂಡದೆಂಬ ನಿಯಮ ಬಿಗಿಯಾಯಿತು, ರಂಗದ ಮುಂದೆ ಉಕ್ಕಿನ ಪರದೆ ಬಂತು. ಎಲ್ಲವೂ ನಿಜ. ಆದರೆ ಕಥೆಯ ಉತ್ತರಾರ್ಧವನ್ನು ಮಾತ್ರ ಓದಿ ಹಿಗ್ಗುವವರು ಪೂರ್ವಾರ್ಧವನ್ನೂ ಒಮ್ಮೆ ಓದಬೇಕು.

ಇರೊಕ್ವಾಯ್ ಹಳೆಯ ಮುರುಕು ಕೊಟ್ಟಿಗೆಯಾಗಿರಲಿಲ್ಲ. ಬೆಂಕಿಗೆ ಕೇವಲ ಐದು ವಾರಗಳ ಹಿಂದೆ, 1903ರ ನವೆಂಬರ್ 23ರಂದು, ಪ್ರಾರಂಭೋತ್ಸವ ಕಂಡ ಹೊಚ್ಚ ಹೊಸ ಕಟ್ಟಡ ಅದು. ಅಮೃತಶಿಲೆ, ಕನ್ನಡಿ, ಗಿಲೀಟು, ಪಟ್ಟೆಯ ತೆರೆಗಳು—ಯಾವುದಕ್ಕೂ ಕೊರತೆಯಿರಲಿಲ್ಲ. ಅದರ ಜಾಹೀರಾತುಗಳಲ್ಲಿ ಸಂಪೂರ್ಣವಾಗಿ ಅಗ್ನಿನಿರೋಧಕವೆಂಬ ಭರವಸೆಯನ್ನು ಅಚ್ಚು ಹಾಕಿಸಿದ್ದರು. ಸ್ವಾರಸ್ಯವೆಂದರೆ ಆ ಭರವಸೆ ಒಂದರ್ಥದಲ್ಲಿ ಸುಳ್ಳಾಗಲಿಲ್ಲ. ಕಟ್ಟಡಕ್ಕೆ ಹೇಳಿಕೊಳ್ಳುವಂಥ ಅಪಾಯವೇನೂ ಆಗಲಿಲ್ಲ. ಒಳಗಿದ್ದ ಜನ ಮಾತ್ರ ಸುಟ್ಟುಹೋದರು. ಮಾರನೆಯ ವರ್ಷವೇ ಅದೇ ಗೋಡೆಗಳ ನಡುವೆ ಬೇರೆ ಹೆಸರಿನಲ್ಲಿ ಮತ್ತೆ ಆಟ ನಡೆಯತೊಡಗಿತು!

ಅಂದು ಕ್ರಿಸ್‌ಮಸ್ ರಜೆಯ ಬುಧವಾರ. ‘ಮಿಸ್ಟರ್ ಬ್ಲೂಬಿಯರ್ಡ್’ ಎಂಬ ಹಾಸ್ಯದ ಸಂಗೀತನಾಟಕ. ನೋಡಲು ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ರಜೆಯಲ್ಲಿದ್ದ ಶಾಲೆಯ ಉಪಾಧ್ಯಾಯಿನಿಯರು. ಇದ್ದ ಆಸನಗಳು ಸುಮಾರು 1,600. ಅವು ತುಂಬಿದ ಮೇಲೆಯೂ ಟಿಕೇಟು ಮಾರಿ ನೂರಾರು ಜನರನ್ನು ಹಿಂದೆ, ಪಕ್ಕದಲ್ಲಿ, ಹಾದಿಯಲ್ಲಿ ನಿಲ್ಲಿಸಿದ್ದರು. ಎರಡನೆಯ ಅಂಕದಲ್ಲಿ ಬೆಳದಿಂಗಳ ಹಾಡೊಂದು ನಡೆಯುತ್ತಿದ್ದಾಗ, ಮೂರೂಕಾಲು ಗಂಟೆಯ ಸುಮಾರಿಗೆ, ರಂಗದ ಮೇಲಣ ಆರ್ಕ್ ದೀಪವೊಂದರಿಂದ ಕಿಡಿ ಹಾರಿ ಪಕ್ಕದ ತೆಳುಪರದೆಗೆ ತಗುಲಿತು. ಅಲ್ಲಿದ್ದ ಒಬ್ಬನೇ ಅಗ್ನಿರಕ್ಷಕನ ಕೈಯಲ್ಲಿ ಇದ್ದದ್ದು ತಗಡಿನ ಕೊಳವೆಗಳಲ್ಲಿ ತುಂಬಿದ ಒಂದು ಬಗೆಯ ಪುಡಿ. ಅಡಿಗೆಮನೆಯ ಒಲೆಯ ಬೆಂಕಿಗೆ ಎರಚುವುದಕ್ಕೆ ಅದು ಸರಿ. ತಲೆಯ ಮೇಲೆ ಹಲವು ಅಡಿ ಎತ್ತರದಲ್ಲಿ ಹರಡುತ್ತಿದ್ದ ಉರಿಗೆ ಎಲ್ಲಿ ತಾಗೀತು? ಅಗ್ನಿಶಾಮಕದಳಕ್ಕೆ ಸುದ್ದಿ ಮುಟ್ಟಿಸುವ ಕರೆಗಂಟೆ ಕಟ್ಟಡದಲ್ಲಿರಲಿಲ್ಲ. ರಂಗದ ಕೆಲಸಗಾರನೊಬ್ಬ ಬೀದಿಯಲ್ಲಿ ಓಡಿಹೋಗಿ ಹೇಳಬೇಕಾಯಿತು.

ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ಇಳಿಬಿಡಲು ಕಲ್ನಾರಿನ ಪರದೆಯೊಂದಿತ್ತು. ಇಳಿಸಿದಾಗ ಅದು ಅರ್ಧದಾರಿಯಲ್ಲಿ ಸಿಕ್ಕಿಕೊಂಡು ನಿಂತಿತು. ನಿಲ್ಲದೆ ಕೆಳಗಿಳಿದಿದ್ದರೂ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ಆಮೇಲೆ ರಸಾಯನತಜ್ಞರು ಪರೀಕ್ಷಿಸಿದಾಗ ಅದು ಶುದ್ಧ ಕಲ್ನಾರಲ್ಲ, ಮರದ ತಿರುಳನ್ನು ಧಾರಾಳವಾಗಿ ಬೆರಸಿದ ಅಗ್ಗದ ಸರಕು ಎಂದು ಗೊತ್ತಾಯಿತು. ರಂಗದ ಚಾವಣಿಯಲ್ಲಿ ಹೊಗೆ ಹೋಗಲೆಂದು ಮಾಡಿದ್ದ ಗವಾಕ್ಷಿಗಳು ತೆರೆಯುವಂತಿರಲಿಲ್ಲ. ನಟನಟಿಯರು ಪ್ರಾಣ ಉಳಿಸಿಕೊಳ್ಳಲು ರಂಗದ ಹಿಂಬದಿಯ ದೊಡ್ಡ ಬಾಗಿಲನ್ನು ತೆರೆದರು. ಹೊರಗಣ ಚಳಿಗಾಳಿ ಒಳನುಗ್ಗಿತು. ಚಾವಣಿಯ ದಾರಿ ಮುಚ್ಚಿದ್ದರಿಂದ ಉರಿಗೆ ಉಳಿದದ್ದು ಒಂದೇ ದಾರಿ—ಅರ್ಧ ಇಳಿದಿದ್ದ ಪರದೆಯ ಕೆಳಗೆ ತೂರಿ, ಪ್ರೇಕ್ಷಕರ ತಲೆಯ ಮೇಲೆ ಹಾದು, ಬಾಲ್ಕನಿ ಗ್ಯಾಲರಿಗಳ ಕಡೆಗೆ. ಕುಲುಮೆಯ ತಿದಿ ಒತ್ತಿದಂತೆ ಆ ಜ್ವಾಲೆ ಅಲ್ಲಿಗೆ ನೆಗೆಯಿತು.

ಇಲ್ಲಿ ಒಂದು ಮಾತು. ಇಂಥ ಸಂದರ್ಭಗಳಲ್ಲಿ ‘ಜನರ ಗಾಬರಿಯೇ ಸಾವಿಗೆ ಕಾರಣ’ ಎಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಎಡ್ಡಿ ಫಾಯ್ ಎಂಬ ಹೆಸರಾಂತ ಹಾಸ್ಯನಟ, ಹೆಣ್ಣುವೇಷದಲ್ಲೇ, ಉದುರುತ್ತಿದ್ದ ಕೆಂಡಗಳ ನಡುವೆ ರಂಗದ ಅಂಚಿಗೆ ಬಂದು ನಿಂತು, ಎಲ್ಲರೂ ಶಾಂತರಾಗಿ ಕುಳಿತಿರಿ ಎಂದು ಬೇಡಿಕೊಂಡ. ಧೀರ ಮನುಷ್ಯ, ಸಂದೇಹವಿಲ್ಲ. ಆದರೆ ಮೇಲಿನ ಗ್ಯಾಲರಿಗಳನ್ನು ಆಮೇಲೆ ಹತ್ತಿ ನೋಡಿದವರಿಗೆ ಕಂಡದ್ದೇನು? ಎಷ್ಟೋ ಮಂದಿ ಕುಳಿತ ಕುರ್ಚಿಯಲ್ಲಿಯೇ ಹೆಣವಾಗಿದ್ದರು. ಗಾಬರಿಯಾಗದೆ ಶಾಂತವಾಗಿ ಕುಳಿತವರಿಗೆ ದೊರೆತ ಫಲ ಅದು. ಓಡಿದವರು ಏಕೆ ಸತ್ತರೆಂಬುದನ್ನು ಬಾಗಿಲುಗಳನ್ನು ಕೇಳಬೇಕು.

ಬಾಗಿಲುಗಳಿಗೇನೂ ಬಡತನವಿರಲಿಲ್ಲ; ಎರಡು ಡಜನ್‌ಗೂ ಮಿಕ್ಕಿ ಇದ್ದವು. ಕೆಲವು ಅಂದವಾದ ತೆರೆಗಳ ಹಿಂದೆ ಅಡಗಿದ್ದವು. ಕೆಲವಕ್ಕೆ ಯೂರೋಪಿನಿಂದ ಬಂದ ಹೊಸ ಮಾದರಿಯ ಅಗುಳಿ. ಅದನ್ನು ಎತ್ತುವುದು ಹೇಗೆಂದು ಅಲ್ಲಿಯ ಜನಕ್ಕೆ ತಿಳಿಯದು. ಕೆಲವು ಒಳಕ್ಕೆ ತೆರೆಯುವಂಥವು. ಹಿಂದಿನಿಂದ ಜನ ಒತ್ತಿಕೊಂಡು ಬರುವಾಗ ಒಳಕ್ಕೆ ತೆರೆಯುವ ಬಾಗಿಲೆಂದರೆ ಗೋಡೆಯೇ. ಎಲ್ಲಕ್ಕಿಂತ ಮಿಗಿಲಾದದ್ದು ಮೆಟ್ಟಿಲುಗಳಿಗೆ ಅಡ್ಡವಾಗಿ ನಿಲ್ಲಿಸಿ ಬೀಗ ಹಾಕಿದ್ದ ಕಬ್ಬಿಣದ ಮಡಚುಗೇಟುಗಳು. ಇವು ಯಾವುದಕ್ಕೆ? ಕಳ್ಳರ ಭಯಕ್ಕಲ್ಲ. ಮೇಲಿನ ಗ್ಯಾಲರಿಯ ಅಗ್ಗದ ಟಿಕೇಟಿನವರು, ದೀಪ ಆರಿದ ಮೇಲೆ, ಕೆಳಗೆ ಖಾಲಿಯಿರುವ ದುಬಾರಿ ಕುರ್ಚಿಗಳಿಗೆ ಬಂದು ಕುಳಿತುಬಿಡಬಾರದೆಂದು! ಆ ಗೇಟುಗಳ ಬುಡದಲ್ಲಿ ಹೆಣಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಹಿಂಬದಿಯ ಓಣಿಗೆ ಇಳಿಯಬೇಕಾಗಿದ್ದ ಕಬ್ಬಿಣದ ಏಣಿಮೆಟ್ಟಿಲುಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಮೇಲೆ ಬಾಗಿಲು ತೆರೆದು ಹೊರಬಂದವರು ಹಿಂದಿನವರ ಒತ್ತಡಕ್ಕೆ ಕೆಳಗಿನ ಕಲ್ಲುಹಾಸಿನ ಮೇಲೆ ಬಿದ್ದರು. ಎದುರಿನ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಬಣ್ಣ ಬಳಿಯುತ್ತಿದ್ದ ಕೂಲಿಗಾರರು ಓಣಿಗೆ ಅಡ್ಡಲಾಗಿ ಏಣಿಯನ್ನೂ ಹಲಗೆಗಳನ್ನೂ ಚಾಚಿ ಕೆಲವರನ್ನು ದಾಟಿಸಿಕೊಂಡರು. ಅಂದು ಯಾರ ಅಪ್ಪಣೆಗೂ ಕಾಯದೆ ಕರ್ತವ್ಯ ಮಾಡಿದವರು ಅವರೇ ಎನ್ನಬೇಕು.

“ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು” ಎಂದು ನಮ್ಮ ಹಿರಿಯರ ಗಾದೆ. ಬುದ್ಧಿ ತಡವಾಗಿ ಬಂದವರನ್ನು ಹಾಸ್ಯ ಮಾಡುವ ಮಾತು. ನಾಟಕಶಾಲೆಯ ದುರಂತಗಳಿಗೆ ಈ ಗಾದೆ ಹೊಂದುವುದಿಲ್ಲ. ಇಲ್ಲಿ ದಿಡ್ಡಿಬಾಗಿಲನ್ನು ಹಾಕಿದ್ದು ಮೊದಲೇ. ಹಾಕಿದ್ದಷ್ಟೇ ಅಲ್ಲ, ಬೀಗವನ್ನೂ ಜಡಿದಿದ್ದರು. ಅದು ಮರೆವಿನಿಂದ ಆದದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು.

ಹಾಗಾದರೆ ಆಗ ಕಾನೂನು ಇರಲಿಲ್ಲವೆ? ಈ ಪ್ರಶ್ನೆಗೆ ಬರುವಷ್ಟರಲ್ಲಿ ಸಮಾಧಾನಪ್ರಿಯರು ಮೆಲ್ಲನೆ ಜಾರಿಕೊಳ್ಳುತ್ತಾರೆ. 1876ರಲ್ಲಿಯೇ ಅಮೆರಿಕದ ಬ್ರೂಕ್ಲಿನ್‌ನಲ್ಲಿ ನಾಟಕಶಾಲೆ ಉರಿದು ಮುನ್ನೂರರ ಹತ್ತಿರ ಜನ ಸತ್ತಿದ್ದರು. ಹೆಚ್ಚಿನವರು ಮೇಲಿನ ಗ್ಯಾಲರಿಯವರು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರ್‌ನಲ್ಲಿ ಸತ್ತವರು 380ಕ್ಕೂ ಹೆಚ್ಚು. ಅದಾದ ಮೇಲೆ ಕಬ್ಬಿಣದ ಪರದೆ, ಹೊರಕ್ಕೆ ತೆರೆಯುವ ಬಾಗಿಲು ಎಂದು ಆಸ್ಟ್ರಿಯದವರು ಕಾನೂನು ಮಾಡಿದರು. 1887ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 186 ಜನ; ಅಲ್ಲಿಯೂ ಕಟ್ಟಳೆಗಳು ಬಿಗಿಯಾದವು. ಶಿಕಾಗೋದ ವಾಸ್ತುಶಿಲ್ಪಿಗಳಿಗೆ, ಅಧಿಕಾರಿಗಳಿಗೆ ಇದೇನೂ ತಿಳಿಯದ ವಿಷಯವಾಗಿರಲಿಲ್ಲ. ಶಿಕಾಗೋ ನಗರಸಭೆಯ ಪುಸ್ತಕದಲ್ಲೂ ಗವಾಕ್ಷಿ, ನೀರಿನ ಕೊಳವೆ, ಹೊರದಾರಿಗಳ ಬಗ್ಗೆ ನಿಯಮಗಳಿದ್ದವು. ಅಗ್ನಿಶಾಮಕದಳದ ಒಬ್ಬ ಕ್ಯಾಪ್ಟನ್ ಕಟ್ಟಡವನ್ನು ಮೊದಲೇ ಸುತ್ತಿ ನೋಡಿ ಕೊರತೆಗಳನ್ನು ಮೇಲಧಿಕಾರಿಗೆ ಹೇಳಿದ್ದ. ಕಟ್ಟಡಗಳ ಅಗ್ನಿರಕ್ಷಣೆಗೇ ಮೀಸಲಾದ ಮಾಸಪತ್ರಿಕೆಯೊಂದರ ಸಂಪಾದಕ, ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಅದರ ದೋಷಗಳನ್ನು ಎತ್ತಿ ಬರೆದಿದ್ದ. ಇಷ್ಟಾದರೂ ನಗರದ ಇನ್‌ಸ್ಪೆಕ್ಟರು ಬಂದು ನೋಡಿ, ಎಲ್ಲವೂ ಸರಿಯಾಗಿದೆಯೆಂದು ಸಹಿ ಹಾಕಿ ಹೋದ. ರಜೆಯ ಸುಗ್ಗಿ ತಪ್ಪಿಹೋಗಬಾರದೆಂಬ ಅವಸರ ಮಾಲೀಕರದು.

ಆದ್ದರಿಂದ ‘ಆ ಬೆಂಕಿಯಿಂದ ಕಾನೂನು ಹುಟ್ಟಿತು’ ಎನ್ನುವುದು ಚರಿತ್ರೆಗೆ ಮಾಡುವ ಅಪಚಾರ. ಕಾನೂನು ಮೊದಲೇ ಹುಟ್ಟಿತ್ತು. ಅದನ್ನು ರಿಯಾಯಿತಿ ಎಂಬ ಮೆತ್ತನೆಯ ದಿಂಬಿನಿಂದ ಒತ್ತಿ ಕೊಂದಿದ್ದರು.

ಇನ್ನು ನ್ಯಾಯದ ಕಥೆ. ಮರಣವಿಚಾರಣೆಯ ಪಂಚರು ಮೇಯರ್ ಕಾರ್ಟರ್ ಹ್ಯಾರಿಸನ್‌ರಿಂದ ಹಿಡಿದು ನಾಟಕಶಾಲೆಯ ವ್ಯವಸ್ಥಾಪಕ ವಿಲ್ ಡೇವಿಸ್‌ವರೆಗೆ ಹಲವರನ್ನು ಹೊಣೆಗಾರರೆಂದು ಹೆಸರಿಸಿದರು. ಮೇಯರ್ ಬೇಗನೆ ಪಾರಾದರು. ಡೇವಿಸ್ ಮೇಲಿನ ಮೊಕದ್ದಮೆ ಎಳೆದಾಡಿಕೊಂಡು 1907ಕ್ಕೆ ಬಂತು, ಅದೂ ಶಿಕಾಗೋದಲ್ಲಲ್ಲ, ದೂರದ ಡಾನ್‌ವಿಲ್ ಎಂಬ ಊರಿನಲ್ಲಿ. ಅವನ ಪರ ವಕೀಲರ ವಾದವನ್ನು ಕೇಳಿ: ಡೇವಿಸ್ ನಿಯಮವನ್ನು ಮುರಿದಿಲ್ಲವೆಂದಲ್ಲ, ನಗರಸಭೆ ಮಾಡಿದ್ದ ಆ ನಿಯಮಕ್ಕೇ ಸಿಂಧುತ್ವವಿಲ್ಲವೆಂದು! ನ್ಯಾಯಾಧೀಶರು ಅದನ್ನು ಒಪ್ಪಿದರು. ಆರೋಪಿ ಬಿಡುಗಡೆಯಾದ. ಸತ್ತವರ ಕುಟುಂಬಗಳ ದಾವೆಗಳಿಗೂ ಹೆಚ್ಚುಕಡಮೆ ಅದೇ ಗತಿ. ಆ ದುರಂತದ ಸಂಬಂಧವಾಗಿ ಶಿಕ್ಷೆಯಾದದ್ದು ಒಬ್ಬನಿಗೇ ಎಂದು ಹೇಳುತ್ತಾರೆ. ಅವನು ಪಕ್ಕದ ಹೆಂಡದಂಗಡಿಯವನು. ಹೆಣಗಳ ಮೈಮೇಲಿನ ಒಡವೆ ಕದ್ದದ್ದು ಅವನ ಅಪರಾಧ. ಉರಿಯುವ ಮನೆಯಲ್ಲಿ ಗಳ ಹಿರಿದವನಿಗೆ ಸೆರೆಮನೆ, ಮನೆಗೆ ಉರಿ ಹತ್ತುವಂತೆ ಕಟ್ಟಿದವನಿಗೆ ಮರ್ಯಾದೆ.

ಈ ಕಥೆಯಲ್ಲಿ ನಾನೂ ಮೆಚ್ಚಿಕೊಳ್ಳುವ ಸಂಗತಿಯೊಂದುಂಟು. ಇಂಡಿಯಾನಾಪೊಲಿಸ್ ನಗರದ ಕಬ್ಬಿಣಸಾಮಾನಿನ ವ್ಯಾಪಾರಸಂಸ್ಥೆಯೊಂದರಲ್ಲಿದ್ದ ಕಾರ್ಲ್ ಪ್ರಿನ್ಜ್‌ಲರ್ ಎಂಬಾತ ಅಂದಿನ ಆಟಕ್ಕೆ ಹೋಗಬೇಕಾಗಿದ್ದು, ಬೇರೆ ಕೆಲಸದಿಂದ ತಪ್ಪಿಸಿಕೊಂಡವನು. ಮುಚ್ಚಿದ ಬಾಗಿಲುಗಳ ಸುದ್ದಿ ಅವನ ತಲೆ ಬಿಡಲಿಲ್ಲ. ಹೆನ್ರಿ ಡುಪಾಂಟ್ ಎಂಬ ವಾಸ್ತುಶಿಲ್ಪಿಯೊಡನೆ ಸೇರಿ ಅವನು ಒಂದು ಸಾಧನವನ್ನು ಸಿದ್ಧಪಡಿಸಿದ. 1908ರ ಹೊತ್ತಿಗೆ ಅದು ಮಾರಾಟಕ್ಕೆ ಬಂತು. ಬಾಗಿಲಿನ ಒಳಮೈಗೆ ಅಡ್ಡಲಾಗಿ ಸೊಂಟದ ಎತ್ತರದಲ್ಲಿ ಒಂದು ಸರಳು. ಹೊರಗಿನವರಿಗೆ ಬಾಗಿಲು ಬೀಗ ಹಾಕಿದಂತೆಯೇ ಇರುತ್ತದೆ; ಒಳಗಿನವರು ಆ ಸರಳಿಗೆ ಮೈ ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ. ಚಿಲಕ ಹುಡುಕಬೇಕಾಗಿಲ್ಲ, ಓದು ಬರಹ ಬೇಕಾಗಿಲ್ಲ, ಬೆಳಕೂ ಬೇಕಾಗಿಲ್ಲ. ಜನರ ನೂಕುನುಗ್ಗಲೇ ಅಲ್ಲಿ ಬೀಗದ ಕೈ. ಇಂದು ದೊಡ್ಡ ಆಸ್ಪತ್ರೆ, ಸಿನಿಮಾಮಂದಿರ, ವಿಮಾನನಿಲ್ದಾಣಗಳಲ್ಲಿ ನಾವೆಲ್ಲ ನೋಡುವ ಸರಳು ಇದೇ ಬಗೆಯದು. ‘ಟಿಕೇಟಿಗೂ ಕಾವಲಾಗಬೇಕು, ಪ್ರಾಣವೂ ಉಳಿಯಬೇಕು’ ಎಂಬ ಎರಡಕ್ಕೂ ಉತ್ತರ ಕಂಡುಹಿಡಿದಾಗಿದೆ. ಆದರೂ ಆ ಸರಳಿಗೇ ಸರಪಳಿ ಸುತ್ತಿ ಬೀಗ ಹಾಕುವ ಮನುಷ್ಯನಿಗೆ ಉತ್ತರವನ್ನು ಯಾವ ಕಮ್ಮಾರ ತಾನೆ ಮಾಡಿಯಾನು?

ಹಾಗೆ ಬಾಗಿಲುಗಳಿಗೆ ಬೀಗ ಹಾಕುವುದು ನಿಲ್ಲಲಿಲ್ಲ. 1942ರ ನವೆಂಬರ್ 28ರಂದು, ಇರೊಕ್ವಾಯ್ ಪಾಠವನ್ನು ಕಲಿತು 39 ವರ್ಷಗಳಾಗಿದ್ದ ಅದೇ ದೇಶದಲ್ಲಿ, ಬಾಸ್ಟನ್ ನಗರದ ‘ಕೋಕೊನಟ್ ಗ್ರೋವ್’ ಎಂಬ ವಿನೋದಶಾಲೆ ಉರಿದು 492 ಜನ ಸತ್ತರು. ಮುಂಬಾಗಿಲಿನ ಸುತ್ತುಕದ ಜನರ ಒತ್ತಡಕ್ಕೆ ಸಿಕ್ಕಿಕೊಂಡು ನಿಂತಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಅಗುಳಿ, ಕೆಲವು ಒಳಕ್ಕೆ ತೆರೆಯುವಂಥವು. ಕೆಲವೇ ದಿನಗಳ ಹಿಂದೆ ಅಗ್ನಿಶಾಮಕದಳದ ಇನ್‌ಸ್ಪೆಕ್ಟರು ಬಂದು ನೋಡಿ ತೃಪ್ತಿ ಸೂಚಿಸಿದ್ದ. ಮತ್ತೆ ಹೊಸ ಕಾನೂನು. ಮತ್ತೆ ‘ವ್ಯರ್ಥವಾಗಲಿಲ್ಲ’ ಎಂಬ ಮಾತು.

ಅಮೆರಿಕದ ಹಳೆಯ ಕಥೆ ನಮಗೇಕೆಂದು ಕೇಳುವವರು ದೆಹಲಿಗೆ ಬರಬೇಕು. ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ‘ಬಾರ್ಡರ್’ ಚಿತ್ರದ ಮೊದಲ ದಿನ. ನೆಲ ಅಂತಸ್ತಿನ ವಾಹನಗಳ ತಾಣದ ಪಕ್ಕದಲ್ಲಿ ವಿದ್ಯುತ್ ಮಂಡಲಿಯ ಟ್ರಾನ್ಸ್‌ಫಾರ್ಮರ್ ಇತ್ತು. ಬೆಳಿಗ್ಗೆ ಅದಕ್ಕೆ ಬೆಂಕಿ ಹತ್ತಿ, ಏನೋ ತೇಪೆ ಹಾಕಿ ಹೋಗಿದ್ದರು. ಸಂಜೆ ಐದರ ಹೊತ್ತಿಗೆ ಮತ್ತೆ ಹತ್ತಿತು. ಬೆಂಕಿ ಮೇಲಕ್ಕೆ ಬರಲಿಲ್ಲ, ಹೊಗೆ ಬಂತು. ಬಾಲ್ಕನಿಯಲ್ಲಿದ್ದವರಿಗೆ ಕತ್ತಲು, ಎಚ್ಚರಿಕೆಯ ಘೋಷಣೆಯಿಲ್ಲ, ಬಾಗಿಲಿಗೆ ಅಗುಳಿ. 59 ಜನ ಉಸಿರುಕಟ್ಟಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಆ ಬಾಲ್ಕನಿಯ ಒಂದು ಪಕ್ಕದ ಹೊರದಾರಿ ಏನಾಗಿತ್ತು? ಅಲ್ಲಿ ಮಾಲೀಕರ ಮನೆಯವರಿಗೆಂದು ಎಂಟು ಆಸನಗಳ ಪೆಟ್ಟಿಗೆಯೊಂದನ್ನು ಕಟ್ಟಿಸಿ ದಾರಿಯನ್ನೇ ಮುಚ್ಚಿದ್ದರು. ಉಳಿದ ಹಾದಿಗಳನ್ನು ಹೆಚ್ಚುವರಿ ಕುರ್ಚಿಗಳು ಕಿರಿದುಮಾಡಿದ್ದವು. ಶಿಕಾಗೋದಲ್ಲಿ ಅಗ್ಗದ ಟಿಕೇಟಿನವರು ಕೆಳಗಿಳಿಯದಿರಲೆಂದು ಗೇಟು. ದೆಹಲಿಯಲ್ಲಿ ಮಾಲೀಕರು ಸುಖವಾಗಿ ಕುಳಿತುಕೊಳ್ಳಲೆಂದು ಗೋಡೆ. ನಡುವೆ 94 ವರ್ಷ.

ದೆಹಲಿಯಲ್ಲಿಯೂ ಕಾನೂನು ಇತ್ತು. ಹೆಚ್ಚುವರಿ ಕುರ್ಚಿಗಳಿಗೆ 1976ರಲ್ಲಿ ಸರ್ಕಾರವೇ ರಿಯಾಯಿತಿ ನೀಡಿತ್ತು. 1979ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಚಿತ್ರಮಂದಿರಗಳವರು ನ್ಯಾಯಾಲಯಕ್ಕೆ ಹೋಗಿ ಅದರ ಬಹುಭಾಗವನ್ನು ಉಳಿಸಿಕೊಂಡರು. 1983ರಲ್ಲಿ ತಪಾಸಣೆಯಾಗಿ, ದೋಷಗಳು ಸಿಕ್ಕಿ, ಉಪಹಾರ್ ಸೇರಿದಂತೆ ಹನ್ನೆರಡು ಮಂದಿರಗಳ ಪರವಾನಗಿಯನ್ನು ನಾಲ್ಕು ದಿನಗಳ ಮಟ್ಟಿಗೆ ತಡೆಹಿಡಿದರು. ನಾಲ್ಕೇ ದಿನ! ಅದಕ್ಕೂ ತಡೆಯಾಜ್ಞೆ ತಂದರು. ಆ ತಡೆಯಾಜ್ಞೆಯ ನೆರಳಿನಲ್ಲಿ ತಾತ್ಕಾಲಿಕ ಪರವಾನಗಿಗಳ ಮೇಲೆ ಮಂದಿರ 1997ರವರೆಗೆ ನಡೆಯಿತು. ಹದಿನಾಲ್ಕು ವರ್ಷ ಯಾರೂ ಆ ಕಡತವನ್ನು ಮತ್ತೆ ತೆರೆದು ಕೇಳಲಿಲ್ಲ. ದುರಂತದ ನಂತರ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಸಂಘ ಕಟ್ಟಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರು. 2015ರಲ್ಲಿ ಸುಪ್ರೀಂ ಕೋರ್ಟು, ಇಬ್ಬರು ಮಾಲೀಕರೂ ತಲಾ 30 ಕೋಟಿ ರೂಪಾಯಿ ಕಟ್ಟಿದರೆ ಆಗಲೇ ಅನುಭವಿಸಿದ ಸೆರೆವಾಸವೇ ಸಾಕೆಂದಿತು. 2017ರಲ್ಲಿ ಅದನ್ನು ಮರುಪರಿಶೀಲಿಸಿ, ಒಬ್ಬರು ಮಾತ್ರ ಒಂದು ವರ್ಷದ ಶಿಕ್ಷೆಯ ಬಾಕಿಯನ್ನು ಅನುಭವಿಸಬೇಕೆಂದಿತು. 2021ರಲ್ಲಿ, ಕೋರ್ಟಿನ ಕಡತದಿಂದಲೇ ಸಾಕ್ಷ್ಯದ ಕಾಗದಗಳನ್ನು ಕೆಡಿಸಿದ ಇನ್ನೊಂದು ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ಅವರನ್ನು ಅಪರಾಧಿಗಳೆಂದಿತು. ಬಾಗಿಲು ಮುಚ್ಚಿದ್ದಕ್ಕೂ ಕಾಗದ ಕೆಡಿಸಿದ್ದಕ್ಕೂ ದೊರೆತ ಶಿಕ್ಷೆಗಳನ್ನು ಓದುಗರು ತಾವೇ ತೂಗಿ ನೋಡಬಹುದು.

ನಮ್ಮೂರಿನ ಲೆಕ್ಕವೂ ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಮಕ್ಕಳ ಓರಗೆಯವರು ಇಂದು ಐವತ್ತು ದಾಟಿದ ಗೃಹಸ್ಥರು. ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಸಿನಿಮಾಕ್ಕೆ ಹೋಗುತ್ತಾರೆ.

ಈಗ ‘ಕಾನೂನನ್ನು ಇನ್ನೂ ಬಿಗಿಮಾಡಬೇಕು’ ಎಂದು ಯಾರಾದರೂ ಹೇಳಿದರೆ, ಬೇಡ ಸ್ವಾಮಿ ಎಂದು ಕೈಮುಗಿಯುತ್ತೇನೆ. ಬಿಗಿಯಾದ ಕಾನೂನೆಂದರೆ ಇನ್‌ಸ್ಪೆಕ್ಟರ ಕೈಯಲ್ಲಿ ಇನ್ನೊಂದು ರಿಯಾಯಿತಿ, ವಕೀಲರ ಕೈಯಲ್ಲಿ ಇನ್ನೊಂದು ತಡೆಯಾಜ್ಞೆ. ಬೇಕಾದದ್ದು ಇಷ್ಟೇ. ಪ್ರತಿ ಚಿತ್ರಮಂದಿರದ, ನಾಟಕಶಾಲೆಯ, ಕಲ್ಯಾಣಮಂಟಪದ ಟಿಕೇಟುಕಿಂಡಿಯ ಅಥವಾ ಮುಂಬಾಗಿಲಿನ ಪಕ್ಕದಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಒಂದು ಹಲಗೆ: ಒಳಗೆ ಇಷ್ಟು ಆಸನ, ಇಷ್ಟು ಹೊರಬಾಗಿಲು, ಕೊನೆಯ ತಪಾಸಣೆ ಇಂಥ ದಿನ, ಸಹಿ ಹಾಕಿದ ಅಧಿಕಾರಿಯ ಹೆಸರು ಇದು, ಕೊಟ್ಟ ರಿಯಾಯಿತಿಗಳು ಇವು, ಕೊಟ್ಟವರು ಇವರು. ಆಟ ನಡೆಯುತ್ತಿರುವಾಗ ಒಂದು ಹೊರಬಾಗಿಲಿಗೆ ಸರಪಳಿ ಕಂಡರೂ, ಬೆಂಕಿ ಬಿದ್ದಿರಲಿ ಬಿಡಲಿ, ಸತ್ತವರು ಇರಲಿ ಇಲ್ಲದಿರಲಿ, ಅಂದೇ ಆ ಆಟ ನಿಲ್ಲಬೇಕು, ಅಂದೇ ಮೊಕದ್ದಮೆ ಹೂಡಬೇಕು. ಈಗಿನ ಪದ್ಧತಿಯಲ್ಲಿ ಬೀಗ ಹಾಕುವುದು ಅಪರಾಧವೆನಿಸುವುದು ಹೆಣ ಬಿದ್ದ ಮೇಲೆ. ಅಲ್ಲಿಯವರೆಗೆ ಅದು ‘ಸಣ್ಣ ನ್ಯೂನತೆ’.

ಇಷ್ಟೆಲ್ಲ ಮಾಡಿದರೆ ಚಿತ್ರಮಂದಿರ ನಡೆಸುವುದೇ ಕಷ್ಟವಾದೀತೆಂದು ಮಾಲೀಕರು ಗೋಳಿಡುವುದು ಖಂಡಿತ. ಅವರಿಗೆ ನನ್ನ ಪ್ರಶ್ನೆ ಒಂದೇ. ಪ್ರತಿ ಆಟದ ಮೊದಲು ಪರದೆಯ ಮೇಲೆ ಸಾಬೂನು, ಚಿನ್ನ, ಪಾನ್‌ಮಸಾಲೆಗಳ ಜಾಹೀರಾತು ತೋರಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅದಕ್ಕೂ ಮುಂಚೆ ಒಬ್ಬ ನೌಕರನನ್ನು ಕಳಿಸಿ, ಪ್ರತಿಯೊಂದು ಹೊರಬಾಗಿಲನ್ನೂ ಪ್ರೇಕ್ಷಕರ ಕಣ್ಣೆದುರಿಗೆ ಒಂದು ಸಲ ದೂಡಿ ತೆರೆದು ತೋರಿಸಲು ಎಷ್ಟು ನಿಮಿಷ ಬೇಕು?